ಬಶಿ ಕೊಡದ ಊರು

ಕೊನೆಯ ಸಲ ಜೊತೆಯಾಗಿ ಗದಗಿಗೆ ಹೋದಾಗ ದಾವಲಬಿಯೂ ನಾನೂ ಜಗಳವಾಡಿದ್ದು ಒಂದು ಬಶಿ ಚಹಾದ ಸಲುವಾಗಿ. ಅದು ಕೊನೆಯದೆಂದು ತಿಳಿದಿದ್ದರೆ ಇನ್ನೂ ಸ್ವಲ್ಪ ಹೊತ್ತು ಜಗಳವಾಡುತ್ತಿದ್ದೆ.

ಲಕ್ಷ್ಮೇಶ್ವರದ ಒಂದೇ ಓಣಿಯಲ್ಲಿ ನಮ್ಮಿಬ್ಬರ ಮನೆ. ನಾನು ಜಂಪರು ಹೊಲಿಯುವವಳು, ಅವಳು ಸೀರೆಗೆ ಫಾಲು ಹಚ್ಚುವವಳು. ತಿಂಗಳಿಗೊಮ್ಮೆ ದಾರ, ಅಸ್ತರು, ಹುಕ್ಕು ತರುವ ನೆಪದಲ್ಲಿ ಗದಗಿನ ಬಸ್ಸು ಹತ್ತುತ್ತಿದ್ದೆವು. ಇವೆಲ್ಲ ಲಕ್ಷ್ಮೇಶ್ವರದಲ್ಲೂ ಸಿಗುತ್ತಿದ್ದವು. ಆ ಸಂಗತಿಯನ್ನು ಮನೆಯವರ ಕಿವಿಗೆ ಹಾಕುವ ಅಗತ್ಯ ನಮಗಿಬ್ಬರಿಗೂ ಕಾಣಲಿಲ್ಲ.

ಬೆಂಗಳೂರು ಕಂಡವರು ನಗಬಹುದು, ಆದರೆ ನಮಗೆ ದೊಡ್ಡ ನಗರವೆಂದರೆ ಗದಗ-ಬೆಟಗೇರಿ. ನೀನು ಯಾರ ಸೊಸೆ, ಯಾರ ಹೆಂಡತಿ ಎಂದು ಹಾದಿಯಲ್ಲಿ ಯಾರೂ ಕೇಳದ ಊರು ದೊಡ್ಡದಲ್ಲದೆ ಮತ್ತೇನು? ಅದು ಜಿಲ್ಲೆಯಾದ ಮೇಲಂತೂ ನಾವು ಬಸ್ಸಿನಿಂದ ಇಳಿಯುವ ಠೀವಿಯೇ ಬದಲಾಯಿತು. "ಜಿಲ್ಲಾ ಬಂತವಾ, ನೆಟ್ಟಗ ನಡಿ," ಎಂದು ದಾವಲಬಿ ನನ್ನ ಬೆನ್ನಿಗೊಂದು ಗುದ್ದು ಕೊಡುತ್ತಿದ್ದಳು. ಅವಳು ಮಾತ್ರ ಚಪ್ಪಲಿ ಎಳೆದುಕೊಂಡೇ ನಡೆಯುತ್ತಿದ್ದಳು.

ಅವತ್ತು ಅಡರಕಟ್ಟಿಯ ಒಂದು ಮದುವೆ ಮನೆಯ ಸೀರೆಗಳಿಗೆ ದಾರ ಬೇಕಿತ್ತು. ದಾರ ಕೊಳ್ಳುವುದರಲ್ಲಿ ದಾವಲಬಿಯದು ಒಂದು ಪದ್ಧತಿ. ಅಂಗಡಿಯ ಟ್ಯೂಬ್‌ಲೈಟನ್ನು ಅವಳು ನಂಬುತ್ತಿರಲಿಲ್ಲ. ರೀಲು ಹಿಡಿದು ಬಾಗಿಲಾಚೆ ಬಿಸಿಲಿಗೆ ಬಂದು, ಒಂದೆಳೆ ಬಿಚ್ಚಿ ಸೀರೆಯ ಮೇಲೆ ಹಾಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಎಳೆ ಬಟ್ಟೆಯೊಳಗೆ ಕರಗಿ ಕಾಣದಂತಾದರೆ ಅದೇ ದಾರ. ಕಂಡರೆ ವಾಪಸ್ಸು. ಅಂಗಡಿಯವರು "ಎಲ್ಲಾ ರೀಲೂ ಬಿಸಲಿಗೆ ಹಾಕಿ ಹಪ್ಪಳ ಮಾಡ್ತೀರೇನವಾ?" ಎಂದು ಬೈಯುತ್ತಿದ್ದರು. ಬೈಯುತ್ತಲೇ ಮತ್ತೊಂದು ರೀಲು ಕೊಡುತ್ತಿದ್ದರು.

ದಾರವಾದ ಮೇಲೆ ಹೊಟೇಲು. ಸ್ಟೇಶನ್ ರಸ್ತೆಯ ಕಡೆ ಒಂದು ಸಣ್ಣ ಹೊಟೇಲಿತ್ತು. ಹೆಸರಿನ ಬೋರ್ಡನ್ನು ಮಿರ್ಚಿ ಭಜಿಯ ಹೊಗೆ ಎಂದೋ ನುಂಗಿತ್ತು. ಒಳಗೆ ಒಂದು ಪರದೆ, ಪರದೆಯ ಮೇಲೆ 'ಫ್ಯಾಮಿಲಿ' ಎಂಬ ಚೀಟಿ, ಹಿಂದೆ ಒಂದೇ ಟೇಬಲ್ಲು. ಮೊದಲ ಸಲ ನಾವು ಅಲ್ಲಿ ಹೋಗಿ ಕುಳಿತಾಗ, ಕುಂಕುಮದವಳೊಬ್ಬಳು, ಬುರ್ಖಾದವಳೊಬ್ಬಳು, ಇದೆಂಥ ಫ್ಯಾಮಿಲಿ ಎಂದು ಯಾರಾದರೂ ಎಬ್ಬಿಸಿಯಾರು ಎಂದು ನನಗೆ ಅಂಜಿಕೆಯಿತ್ತು. ಮಾಣಿ ಬಸಣ್ಣ ಬಂದ, ಟೇಬಲ್ಲು ಒರೆಸಿದ, ಪರದೆ ಎಳೆದು ಹೋದ. ಅಷ್ಟೇ. ಆಮೇಲೆ ನಮ್ಮನ್ನು ಕಂಡರೆ ಸಾಕು, ಒಲೆಯ ಕಡೆ ತಿರುಗಿ ಕೂಗುತ್ತಿದ್ದ: "ಒಂದ ಚಾ, ಎರಡ ಜೀವಾ!"

ಹೌದು, ಒಂದೇ ಚಹಾ. ಕಪ್ಪಿನಲ್ಲಿ ಅರ್ಧ, ಅದರ ಕೆಳಗಿನ ಬಶಿಯಲ್ಲಿ ಅರ್ಧ. ಬಶಿಯನ್ನು ಮೊದಲು ಮಾಡಿದ ದೊರೆಗಳು ಅದನ್ನು ಕಪ್ಪಿನಿಂದ ತುಳುಕಿದ ಹನಿ ಹಿಡಿಯಲು ಮಾಡಿದರಂತೆ. ಎಂಥ ಬಡ ಕಲ್ಪನೆ! ಒಂದು ಚಹಾವನ್ನು ಎರಡು ಮಾಡಬಹುದು, ಬಾಯಿ ಸುಡದಂತೆ ಆರಿಸಬಹುದು, ಊದುವ ನೆಪದಲ್ಲಿ ಉತ್ತರ ಕೊಡುವುದನ್ನು ಮುಂದೂಡಬಹುದು ಎಂದು ಕಂಡುಹಿಡಿದವರು ನಮ್ಮ ಕಡೆಯ ಮಂದಿ. ಬಶಿಗೆ ಅದರ ನಿಜವಾದ ಉದ್ಯೋಗ ಸಿಕ್ಕಿದ್ದು ನಮ್ಮಲ್ಲಿ.

ಮೋಸವಾಗಬಾರದೆಂದು ದಾವಲಬಿ ಒಂದು ಕರಾರು ಮಾಡಿದ್ದಳು. ಹೊಯ್ಯುವವಳು ಒಬ್ಬಳು, ಕಪ್ಪೋ ಬಶಿಯೋ ಎಂದು ಆರಿಸಿಕೊಳ್ಳುವವಳು ಇನ್ನೊಬ್ಬಳು. ಹೊಯ್ಯುವ ಕೈ ಯಾವಾಗಲೂ ಅವಳದು. ನಾನು ಯಾವಾಗಲೂ ಕಪ್ಪನ್ನೇ ಆರಿಸುತ್ತಿದ್ದೆ. ಜಿಲ್ಲಾಸ್ಥಳದಲ್ಲಿ ಕುಳಿತು ಸೊರ್ ಎಂದು ಸದ್ದು ಮಾಡುವುದು ನನ್ನ ಘನತೆಗೆ ಕಡಿಮೆ ಅನಿಸುತ್ತಿತ್ತು. ಪರದೆಯ ಹಿಂದೆ ನನ್ನ ಘನತೆಯನ್ನು ನೋಡುವವರು ಯಾರಿದ್ದರು ಎಂದು ಕೇಳಬೇಡಿ.

ಅವತ್ತು ಅವಳು ಕಪ್ಪಿನ ಮೇಲೆ ಕೈ ಮುಚ್ಚಿಬಿಟ್ಟಳು.

"ನೀ ಯಾವತ್ತೂ ಕಪ್ಪ ಹಿಡೀತಿ. ನಾ ಏನ ಬಶಿ ನೆಕ್ಕಾಕ ಹುಟ್ಟೇನೇನ?"

"ಕರಾರು ನೀನ ಮಾಡೀದಿ. ಆರಿಸಾಕಿ ನಾ."

"ಕರಾರು ಹಾಳಾಗಲಿ. ಮುಂದಿನ ಸಲ ನೀ ಹೊಯ್ಯಿ, ನಾ ಆರಸ್ತೀನಿ. ನೀ ಬಶ್ಯಾಗ ಕುಡಿಯೂದ ನಾ ನೋಡಬೇಕ. ಮೂಗಿಗೆ ಹತ್ತಿಸ್ಕೋತಿ ಖರೇ!"

"ನೋಡೂಣಂತ ತಗಿ."

ಪರದೆಯಾಚೆಯಿಂದ ಬಸಣ್ಣ, "ಅಕ್ಕಾರ, ಇನ್ನೊಂದ ಚಾ ತರ್ಲೇನ್ರಿ, ಜಗಳ ಬಗಿಹರೀತೈತಿ," ಎಂದ. "ನಿನಗ ಯಾರ ಪಂಚಾಯ್ತಿ ಮಾಡಂದಾರ?" ಎಂದು ಇಬ್ಬರೂ ಒಟ್ಟಿಗೆ ಅವನ ಮೇಲೆ ಹಾಯ್ದೆವು. ಕಪ್ಪು ನನಗೇ ಬಂತು.

ಆ ಮುಂದಿನ ಸಲ ಬರಲಿಲ್ಲ. ಕೆಲವು ದಿನಗಳಾಗಿರಬಹುದು, ಬೆಳಿಗ್ಗೆ ಫಾಲು ಹಚ್ಚುತ್ತ ಕುಳಿತಿದ್ದವಳು ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳಂತೆ. ರಿಕ್ಷಾ ಬರುವುದರೊಳಗೆ ಮುಗಿದಿತ್ತು. ನಾನು ಓಡಿಹೋದಾಗ ಸೂಜಿ ಇನ್ನೂ ಸೀರೆಯಲ್ಲೇ ಇತ್ತು.

ದುಃಖದ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಸಿಟ್ಟಿನ ಬಗ್ಗೆ ಬರೆಯುತ್ತೇನೆ, ಅದು ಬರುತ್ತದೆ.

ಅವಳ ಮನೆಯಲ್ಲಿ ಹೆಂಗಸರೆಲ್ಲ ಚಾಪೆಯ ಮೇಲೆ ಕುಳಿತಿದ್ದೆವು. ಹುಬ್ಬಳ್ಳಿಯಿಂದ ಬಂದ ಅವಳ ಬಳಗದ ಹೆಂಗಸೊಬ್ಬಳು ನನ್ನ ಹಣೆ ನೋಡಿ, "ನೀವು ಆಕೀಗೆ ಏನಾಗಬೇಕ್ರಿ?" ಎಂದಳು. ನಾನು ಬಾಯಿ ತೆರೆದೆ. ಬಂದ ಉತ್ತರ: "ಇದ ಓಣ್ಯಾಗಿನಾಕಿ." ಆಕೆ ತಲೆಯಾಡಿಸಿ, ನನ್ನನ್ನು ದಾಟಿ ಹೋಗಿ ದಾವಲಬಿಯ ನಾದಿನಿಯನ್ನು ತಬ್ಬಿಕೊಂಡು ಅತ್ತಳು. ಆ ನಾದಿನಿ ದಾವಲಬಿಯೊಂದಿಗೆ ಮಾತು ಬಿಟ್ಟು ವರ್ಷಗಳಾಗಿದ್ದವು. ಆದರೂ ಅವಳು ನಾದಿನಿ, ಅಳುವ ಹಕ್ಕುಳ್ಳವಳು. ನಾನು ಓಣಿಯವಳು.

ನಮ್ಮ ಭಾಷೆಯ ಮೇಲೂ ನನಗೆ ಸಿಟ್ಟಿದೆ. ಗಂಡನ ತಮ್ಮನ ಹೆಂಡತಿಗೆ ನೆಗೆಣ್ಣಿ ಎಂಬ ಹೆಸರಿದೆ. ಮಗನ ಮಾವನಿಗೆ ಬೀಗ ಎಂಬ ಹೆಸರಿದೆ. ವರ್ಷಕ್ಕೊಮ್ಮೆ ಮುಖ ನೋಡುವವರಿಗೆ, ನೋಡಿದರೂ ನಗದವರಿಗೆ, ಇಷ್ಟು ಮುತುವರ್ಜಿಯಿಂದ ಹೆಸರಿಟ್ಟ ಹಿರಿಯರು, ಇಷ್ಟು ವರ್ಷ ಬಸ್ಸಿನ ಒಂದೇ ಸೀಟಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದವಳಿಗೆ ಏನೆನ್ನಬೇಕೆಂದು ಹೇಳದೆ ಹೋದರು. ಗೆಳತಿ ಎನ್ನಬಹುದಂತೆ. ಗೆಳತಿ ಎನ್ನುವುದು ಎರಡು ಜಡೆಯ ಹುಡುಗಿಯರ ಮಾತು. ಮೊಮ್ಮಕ್ಕಳನ್ನು ಕಂಡವಳು ಸಾವಿನ ಮನೆಯಲ್ಲಿ ಕುಳಿತು "ನಾನು ಗೆಳತಿ" ಎಂದರೆ ಯಾರು ಸರಿದು ಜಾಗ ಕೊಡುತ್ತಾರೆ?

ವರ್ಷಗಟ್ಟಲೆ ಗದಗಿನ ಕಡೆ ಮುಖ ಹಾಕಲಿಲ್ಲ. ಕೊನೆಗೆ ಹಟಕ್ಕೆ ಬಿದ್ದು ಹೊರಟೆ. ಲಕ್ಷ್ಮೇಶ್ವರದಲ್ಲಿ ನಾನು ಓಣಿಯವಳಾಗಿರಬಹುದು. ಗದಗಿನಲ್ಲಿ ಆ ಪರದೆಯ ಹಿಂದೆ ನಾವು ಫ್ಯಾಮಿಲಿ. ಅಲ್ಲಿ ಕುಳಿತು, ಕೊಟ್ಟ ಮಾತಿನಂತೆ ಬಶಿಯಲ್ಲಿ ಚಹಾ ಕುಡಿದು ಬರಬೇಕು. ಬೇಕಾದ್ದು ಇಷ್ಟೇ.

ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ನಮ್ಮಲ್ಲಿ ಜಂಪರು ಹೊಲಿಸುತ್ತಿದ್ದ ಶಿರಹಟ್ಟಿಯ ಹೆಂಗಸೊಬ್ಬರು ಎದುರಾದರು. "ಅಯ್ಯ, ಒಬ್ಬರ ಬಂದೀರಲ್ಲ, ನಿಮ್ಮ ಜೋಡೆಲ್ಲಿ?" ಎಂದರು. ಹೇಳಿದೆ. "ಖರೇನ? ಪಾಪ, ಪಾಪ," ಎಂದು ಕೆನ್ನೆ ಬಡಿದುಕೊಂಡರು. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರು ಕೇಳಿದರು, "ಮತ್ತ, ಫಾಲು ಈಗ ಯಾರ ಹಚ್ಚತಾರ?" ಬಂದ ಕಣ್ಣೀರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಅಕಸ್ಮಾತ್ ಭೇಟಿಗಳನ್ನು ಕತೆಗಳಲ್ಲಿ ಬಹಳ ಹೊಗಳುತ್ತಾರೆ. ಬರೆದವರಿಗೆ ಈ ಹೆಂಗಸು ಸಿಕ್ಕಿರಲಿಕ್ಕಿಲ್ಲ.

ದಾರದ ಅಂಗಡಿಗೆ ಹೋದರೆ ಅದಕ್ಕೆ ಗಾಜಿನ ಬಾಗಿಲು ಬಂದಿದೆ, ಒಳಗೆ ತಣ್ಣಗಿನ ಗಾಳಿ. ರೀಲು ಹಿಡಿದು ಹೊರಗೆ ಹೊರಟೆ. "ಬಿಲ್ ಆಗೂತನಾ ಹೊರಗ ಒಯ್ಯಾಂಗಿಲ್ರೀ," ಎಂದು ಬಾಗಿಲಲ್ಲಿದ್ದವನು ಅಡ್ಡ ನಿಂತ. ಬಿಸಿಲಿಗೂ ಬಿಲ್ಲು ಬೇಕೆ? ಒಳಗಿನ ಬೆಳಕಲ್ಲೇ ಹಸಿರು ದಾರ ಕೊಂಡು ಹೊರಬಂದು ನೋಡಿದರೆ ಅದು ನೀಲಿ. ಇಷ್ಟೆಲ್ಲ ದೀಪ ಹಾಕಿ ಬಣ್ಣ ಕಾಣದಂತೆ ಮಾಡಲು ನಿಜವಾಗಿಯೂ ಪರಿಶ್ರಮ ಬೇಕು.

ಹೊಟೇಲು ಇದ್ದಲ್ಲಿ ಹೊಟೇಲು ಇರಲಿಲ್ಲ. ರಸ್ತೆ ಅಗಲವಾಗಿತ್ತು. ನಮ್ಮ ಟೇಬಲ್ಲು ಇದ್ದ ಜಾಗವೆಂದು ನಾನು ಅಂದಾಜು ಮಾಡಿದ ಕಡೆಯಲ್ಲಿ ಒಂದು ಮೋಟರ್‌ಸೈಕಲ್ಲು ನಿಂತಿತ್ತು. ರಸ್ತೆ ಅಗಲವಾಗುವುದು ಬೇಡವೆಂದು ನಾನು ಹೇಳುವುದಿಲ್ಲ, ಜಿಲ್ಲೆಗೆ ಜಿಲ್ಲೆಯಂಥ ರಸ್ತೆ ಬೇಕು. ಆದರೆ ಊರೊಂದು ತನ್ನನ್ನು ಅಗಲ ಮಾಡಿಕೊಳ್ಳುವಾಗ ಇಬ್ಬರು ಹೆಂಗಸರು ಕೂಡುವಷ್ಟು ಜಾಗವನ್ನೇ ಮೊದಲು ಕೆಡವಬೇಕೆಂದು ಎಲ್ಲಿದೆ?

ಬಾಯಾರಿತ್ತು. ಸಿಕ್ಕ ಚಹಾದಂಗಡಿಗಳಲ್ಲೆಲ್ಲ ಕೇಳಿದೆ. ಎಲ್ಲ ಕಡೆ ಹೆಬ್ಬೆರಳಿನಷ್ಟು ಕಾಗದದ ಕಪ್ಪು. ಬಶಿ ಎಂದರೆ ಮುಖ ನೋಡುತ್ತಾರೆ. ಬಸ್ ಸ್ಟ್ಯಾಂಡಿಗೆ ತಿರುಗುವ ಮೂಲೆಯಲ್ಲಿ ಒಂದು ಚಹಾ ಗಾಡಿಯಿತ್ತು. ಅಷ್ಟೊತ್ತಿಗೆ ನನ್ನ ತಾಳ್ಮೆ ತೀರಿತ್ತು. ಸ್ಟೋವಿನ ಮೇಲೆ ಬಗ್ಗಿದ್ದ ತಲೆ ನೋಡಿ ಕೂಗಾಡಿಬಿಟ್ಟೆ.

"ಇಡೀ ಜಿಲ್ಲಾದಾಗ ಒಂದ ಬಶಿ ಇಲ್ಲೇನ್ರಿ? ಡಿ.ಸಿ. ಬಂದ್ರು, ಎಸ್.ಪಿ. ಬಂದ್ರು, ಇದ್ದ ಬಶಿ ಎಲ್ಲಾ ಎತ್ತ ಹೋದ್ವು?"

ತಲೆ ಮೇಲಕ್ಕೆ ಬಂತು. ಕೂದಲು ಬೆಳ್ಳಗಾಗಿತ್ತು, ಹಲ್ಲು ಎರಡು ಕಡಿಮೆಯಾಗಿದ್ದವು.

"ಈ ಬಾಯಿ ನನಗ ಗುರತೈತಿ," ಎಂದ ಬಸಣ್ಣ. "ಬರ್ರಿ ಅಕ್ಕಾರ, ಕುಂಡ್ರಿ. ಎಲ್ಲಿ, ಇನ್ನೊಂದ ಜೀವಾ?"

ಹೇಳಿದೆ. ಅವನು ಸ್ಟೋವು ಸಣ್ಣ ಮಾಡಿದ. ಏನಾಗಿತ್ತು, ಯಾವ ಆಸ್ಪತ್ರೆ, ಎಷ್ಟು ಮಕ್ಕಳು, ಯಾವುದನ್ನೂ ಕೇಳಲಿಲ್ಲ. ಅವಳು ನನಗೆ ಏನಾಗಬೇಕೆಂದು ಕೇಳಲಿಲ್ಲ. ಕೈ ಒರೆಸಿಕೊಂಡು, "ಮತ್ತ... ನಿಮಗ ಹ್ಯಾಂಗ ಅಕ್ಕಾರ ಇನ್ನ?" ಎಂದ.

ದಾವಲಬಿ ಹೋದಂದಿನಿಂದ ಈ ಮಾತನ್ನು ನನಗೆ ಯಾರೂ ಕೇಳಿರಲಿಲ್ಲ. ಗಾಡಿಯ ಸ್ಟೂಲಿನ ಮೇಲೆ, ಬಸ್ಸುಗಳ ಹೊಗೆಯಲ್ಲಿ, ಹೋಗಿ ಬರುವವರ ಎದುರಿಗೆ ಕುಳಿತು ಅತ್ತೆ. ನನ್ನ ಘನತೆ ಎತ್ತ ಹೋಯಿತೋ ನೋಡಲಿಲ್ಲ. ಗಿರಾಕಿಯೊಬ್ಬ ಬಂದು ಚಹಾ ಕೇಳಿದ. "ಸ್ವಲ್ಪ ತಡೀಪಾ, ನಮ್ಮ ಮನಿ ಮಂದಿ ಬಂದಾರ," ಎಂದ ಬಸಣ್ಣ.

ಆಮೇಲೆ ಅವನು ಸಕ್ಕರೆ ಡಬ್ಬಿಯ ಮೇಲೆ ಮುಚ್ಚಿದ್ದನ್ನು ತೆಗೆದ. ಅದೊಂದು ಬಶಿ. ಅಂಚು ಸ್ವಲ್ಪ ಮುಕ್ಕಾಗಿತ್ತು. ಡಬ್ಬಿಯೊಳಗೆ ಸಕ್ಕರೆ ಅಳೆಯಲು ಇಟ್ಟುಕೊಂಡಿದ್ದ ಕಿವಿ ಮುರಿದ ಕಪ್ಪೂ ಹೊರಬಂತು. "ಹಳೇ ಹೊಟೇಲಿಂದ ಇವೆರಡ ಉಳದಾವ್ರಿ," ಎಂದು ಬಿಸಿನೀರು ಹಾಕಿ ತೊಳೆದ. ಕಪ್ಪಿನ ತುಂಬ ಚಹಾ ಸುರಿದು, ಬಶಿಯ ಮೇಲಿಟ್ಟು, ನನ್ನ ಮುಂದಿಟ್ಟ. ಈ ಸಲ ಕೂಗಲಿಲ್ಲ.

ಹೊಯ್ಯುವ ಪಾಳಿ ನನ್ನದೆಂದು ಅವಳೇ ಹೇಳಿದ್ದಳು. ಕಪ್ಪು ಎತ್ತಿ ಬಶಿಗೆ ಹೊಯ್ದೆ. ಕೈ ಪಳಗಿಲ್ಲ, ಒಂದಿಷ್ಟು ಸೀರೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಸರಿಯಾಗಿ ಅರ್ಧ ಮಾಡಿದೆ, ಯಾರು ನೋಡಿದರೂ ಮೋಸ ಎನ್ನುವಂತಿರಲಿಲ್ಲ. ಕಪ್ಪನ್ನು ಆ ಕಡೆ ಇಟ್ಟೆ, ಬಶಿಯನ್ನು ಈ ಕಡೆ ಇಟ್ಟೆ, ಕುಳಿತೆ.

ಎರಡರ ಮೇಲೂ ಕೆನೆ ಕಟ್ಟಿತು. ಆರಿಸಿಕೊಳ್ಳುವವಳು ಇಲ್ಲ.