ಬೊಂಬಾಯಿಯಿಂದ ಮೂರು ಗಂಟೆ

ಬೊಂಬಾಯಿಯಲ್ಲಿ ವಿಮಾನ ಹೊರಟಾಗ ನನ್ನ ಕೈಗಡಿಯಾರದಲ್ಲಿ ಹತ್ತು ಗಂಟೆ. ದುಬೈಯಲ್ಲಿ ಇಳಿದಾಗ ಒಂದು. ನಿಲ್ದಾಣದ ಗೋಡೆ ಗಡಿಯಾರ ಮಾತ್ರ ಹನ್ನೊಂದೂವರೆ ತೋರಿಸುತ್ತಿತ್ತು. ಕೆಟ್ಟಿರಬೇಕು ಅಂದುಕೊಂಡೆ. ಇಲ್ಲಿ ಹೊತ್ತೇ ನಮಗಿಂತ ಒಂದೂವರೆ ಗಂಟೆ ಹಿಂದೆ ಎಂದು ಪಕ್ಕದ ಮಲಯಾಳಿ ನಕ್ಕ. ನಮ್ಮೂರು ಯಲ್ಲದಕೆರೆಯಿಂದ ಬೊಂಬಾಯಿ ಮುಟ್ಟಲು ಬಸ್ಸು, ರೈಲು ಅಂತ ಎರಡು ದಿನ ಮೈ ಮುರಿದುಕೊಂಡಿದ್ದೆ. ಆಮೇಲಿನ ಸಾವಿರದ ಇನ್ನೂರು ಮೈಲಿಗೆ ಬರೀ ಮೂರು ಗಂಟೆ ಅಂದರೆ ಯಾರೋ ಮೋಸ ಮಾಡಿದಂತಿತ್ತು.

ಹಿರಿಯೂರಿನಲ್ಲಿ ಲಾರಿ ಓಡಿಸುತ್ತಿದ್ದವನು ಇಲ್ಲಿ ನೀರಿನ ಟ್ಯಾಂಕರಿಗೆ ಡ್ರೈವರಾದೆ. ನಮ್ಮಲ್ಲಿ ನೀರಿದ್ದ ಕಡೆಗೆ ಕುರಿ ಹೊಡೆದುಕೊಂಡು ಹೋಗುತ್ತೇವೆ. ಇಲ್ಲಿ ನೀರನ್ನೇ ಮನೆ ಬಾಗಿಲಿಗೆ ಒಯ್ಯುತ್ತಿದ್ದೆ. ತಗಡಿನ ಶೆಡ್ಡಿನಲ್ಲಿ ಎಂಟು ಜನ. ಊಟಕ್ಕೆ ಖುಬ್ಬೂಸ್, ಅಂದರೆ ಅಂಗಡಿಯ ದಪ್ಪ ರೊಟ್ಟಿ. ಮುದ್ದೆ ಕಣ್ಣಿಗೂ ಬೀಳುತ್ತಿರಲಿಲ್ಲ. ಇದ್ಯಾವುದನ್ನೂ ಅಣ್ಣನಿಗೆ ಬರೆಯಲಿಲ್ಲ. ಬೊಂಬಾಯಿಯಿಂದ ಮೂರೇ ಗಂಟೆ ದಾರಿ ಎಂದು ಜಂಬ ಕೊಚ್ಚಿ ಬರೆದೆ.

ಕೆಲವು ತಿಂಗಳ ಮೇಲೆ ಅಣ್ಣ ಕರಿಯಣ್ಣನ ಕಾಗದ ಬಂತು. "ಬರೋ ಸೋಮವಾರ ಕುರಿಮಂದೆ ಪಾಲು ಮಾಡಾಣ. ಮೂರು ಗಂಟೆ ದಾರಿ ಅಂದಿದ್ದೀಯ, ಬೆಳಿಗ್ಗೆ ಹೊರಟು ಮಧ್ಯಾಹ್ನ ಉಣ್ಣಾಕೆ ಬಂದ್ಬಿಡು." ಕಾಗದ ಕೈಸೇರಿದಾಗ ಆ ಸೋಮವಾರ ಕಳೆದು ವಾರವಾಗಿತ್ತು. ಮೊದಲೇ ಬಂದಿದ್ದರೂ ಹೋಗುವಂತಿರಲಿಲ್ಲ. ಪಾಸ್‌ಪೋರ್ಟು ಕಫೀಲನ ಪೆಟ್ಟಿಗೆಯಲ್ಲಿತ್ತು. ಕಫೀಲ ಅಂದರೆ ನಮ್ಮನ್ನು ಕರೆಸಿಕೊಂಡ ಧಣಿ. ಎರಡು ವರ್ಷ ರಜೆಯ ಮಾತೇ ಇಲ್ಲ.

ನಮ್ಮವರಲ್ಲಿ ಪಾಲಾಗುವಾಗ ಕಿರಿಯವನೇ ಮೊದಲು ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಗೆ, ಇಳಿದು ತನ್ನ ಪಾಲಿಗೆ ಬೇಕಾದ ಕುರಿಯನ್ನು ಮುಟ್ಟಬೇಕು. ಅಲ್ಲಿಯವರೆಗೆ ಹಿರಿಯವನು ಕೈ ಹಾಕುವಂತಿಲ್ಲ. ಆ ದಿನ ಅಣ್ಣ ನನಗಾಗಿ ಕುರಿಗಳನ್ನು ಮೇಯಲು ಬಿಡದೆ ಸಂಜೆಯವರೆಗೂ ಕೂಡಿಹಾಕಿದ್ದನೆಂದು ಊರಿಗೆ ಹೋದಾಗ ತಿಳಿಯಿತು. ಆಮೇಲೆ ಅವನು ಕಾಗದ ಬರೆಯಲಿಲ್ಲ. ನಾನು ಹಾಕಿದ ನಾಲ್ಕು ಕಾಗದಕ್ಕೂ ಉತ್ತರವಿಲ್ಲ. ಮಂದೆ ಹೋದರೆ ಹೋಗಲಿ, ಅಣ್ಣನೇ ದೂರವಾದನಲ್ಲ ಎಂದು ಟ್ಯಾಂಕರಿನಲ್ಲಿ ಕುಳಿತು ಅತ್ತಿದ್ದೇನೆ.

ಎರಡು ವರ್ಷ ತುಂಬಿ ಒಂದು ತಿಂಗಳ ರಜೆ ಸಿಕ್ಕಿತು. ಊರಿಗೆ ಹೋದೆ.

"ಮೂರು ಗಂಟೆ ಅಂತ ನೀನೇ ಬರ್ದಿದ್ದೆ," ಅಂದ ಅಣ್ಣ.

"ಪಾಸ್‌ಪೋರ್ಟು ಧಣಿ ಹತ್ರ ಇತ್ತಣ್ಣ. ರಜಾ ಕೊಡ್ಲಿಲ್ಲ."

"ಹಂಗಾರೆ ದೂರ ಐತೆ ಅಂತ ಬರೀಬೇಕಿತ್ತು."

ಅಣ್ಣ ಎದ್ದು ರೊಪ್ಪದ ಕಡೆ ನಡೆದ. "ಪಾಲು ಇನ್ನೂ ಆಗಿಲ್ಲ. ಬಾ, ಮುಟ್ಟು."

ಹಿಂದೆ ಒಂದೊಂದು ಕುರಿಯ ಮುಖವೂ ನನಗೆ ಗೊತ್ತಿತ್ತು. ಈಗ ರೊಪ್ಪದ ತುಂಬ ಹೊಸ ಕುರಿಗಳು. ನನ್ನನ್ನು ಕಂಡು ಮೂಲೆಗೆ ಸರಿದವು. ಅಣ್ಣ ನೋಡುತ್ತಿದ್ದಾನೆಂಬ ಗಾಬರಿಗೆ ಕರಿಮುಖದ ಒಂದು ಕುರಿಯ ಬೆನ್ನ ಮೇಲೆ ಕೈಯಿಟ್ಟೆ.

"ಅದು ನಮ್ದಲ್ಲ ಕಣಪ್ಪ," ಅಂದ ಅಣ್ಣ ಮೆಲ್ಲಗೆ. "ಪಕ್ಕದ ಈರಣ್ಣಂದು. ನಿನ್ನೆ ನಮ್ ಮಂದೇಲಿ ಸೇರ್ಕಂಡೈತೆ."

ಅವನು ನಗಲಿಲ್ಲ, ಬೈಯಲೂ ಇಲ್ಲ. ನನ್ನ ತೋಳು ಹಿಡಿದು ಆಚೆ ಕರೆತಂದ. "ಇವುಗಳ ಗುರ್ತು ಸಿಗೋ ತಂಕ ಊರಾಗಿರು. ಆಮೇಲೆ ಪಾಲು."

ತಿಂಗಳು ಸಾಲಲಿಲ್ಲ. ಇದನ್ನು ದುಬೈಯಿಂದಲೇ ಬರೆಯುತ್ತಿದ್ದೇನೆ. ಪಾಲಾಗದೆ ಉಳಿದ ಆ ಮಂದೆಯಲ್ಲಿ ನನ್ನ ಕುರಿ ಯಾವುವು ಎಂದು ಅಣ್ಣನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.