ಗಾಯಕ್ಕೂ ಒಂದು ಮರ್ಯಾದೆ

ಮೊನ್ನೆ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕುತ್ತಿಗೆ ಉಳುಕಿಸಿಕೊಂಡು ಬಂದಿದ್ದಳು. ಅವಳು ಪಕ್ಕದಲ್ಲಿ ಕೂತದ್ದೇ ತಡ, ಕರ್ಪೂರ ಹಾಕಿ ಕಾಯಿಸಿದ ತೆಂಗಿನೆಣ್ಣೆಯ ವಾಸನೆ ಏಸಿಯ ಗಾಳಿಯಲ್ಲೆಲ್ಲ ಹರಡಿತು. ಉಳಿದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಕುರ್ಚಿಯನ್ನು ಇನ್ನಷ್ಟು ಅವಳ ಹತ್ತಿರಕ್ಕೆ ಎಳೆದುಕೊಂಡೆ. ಅಜ್ಜಿ ಕಾಯಿಸಿ ಹಚ್ಚಿದ್ದು ಎಂದು ಅವಳು ನಾಚಿಕೊಂಡು ಹೇಳಿದಳು. ನನಗೆ ನಮ್ಮ ಎದುರು ಮನೆಯ ಟೀಚರ್ ನೆನಪಾದರು...

ಮುಂಬಯಿಯ ಜೋಗೇಶ್ವರಿಯಲ್ಲಿರುವ ನಮ್ಮ ಹಳೆಯ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಎರಡೇ ಮನೆ, ಒಂದು ನನ್ನದು, ಇನ್ನೊಂದು ಅವರದು. ಲಿಫ್ಟ್ ಇಲ್ಲ. ಅವರು ಉಡುಪಿ ಕಡೆಯವರು. ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಕಲಿಸಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನಾನು ಮದುವೆಯ ಗೋಜಿಗೆ ಹೋದವಳಲ್ಲ. ಹಾಗಾಗಿ ಎರಡೂ ಮನೆಗಳ ಬಾಗಿಲು ಬೆಳಗ್ಗೆ ತೆರೆದರೆ ಮಲಗುವಾಗಲೇ ಮುಚ್ಚುವುದು. ಅವರ ಕುಕ್ಕರ್ ಕೂಗಿದರೆ ನಾನು ಲೆಕ್ಕ ಹಿಡಿಯಬೇಕು, ನನ್ನ ಮನೆಯಲ್ಲಿ ಹಾಲು ಉಕ್ಕಿದರೆ ಅವರು ಬೈಯಬೇಕು. ಶಾಲೆ ಬಿಟ್ಟರೂ ಶಾಲೆಯ ಬುದ್ಧಿ ಅವರನ್ನು ಬಿಟ್ಟಿರಲಿಲ್ಲ. ಇಡೀ ಬಿಲ್ಡಿಂಗೇ ಅವರ ಕ್ಲಾಸು.

ಐವತ್ತರ ಹತ್ತಿರ ಬಂದ ನಾನು ಹಿಮದ ಮೇಲೆ ಜಾರುವ ಸ್ಕೀಯಿಂಗ್‌ಗೆ ಹೋದೆ. ಆಫೀಸಿನವರೆಲ್ಲ ಹೊರಟರು, ನಾನೂ ಹೊರಟೆ. ಮನಾಲಿಯ ಆಚೆಯ ಹಿಮದ ಬಯಲಿನಲ್ಲಿ ಬಾಡಿಗೆಯ ದಪ್ಪ ಅಂಗಿ, ಎತ್ತಿಡಲಾಗದ ಬೂಟು ಹಾಕಿಕೊಂಡು ನಿಂತೆ. ಗುಡ್ಡದಿಂದ ಹಾರಿ ಬಿದ್ದೆ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ. ಕಲಿಸುವವನು ನನ್ನ ಬಲಗಾಲಿಗೆ ಉದ್ದನೆಯ ಸ್ಕೀ ಹಲಗೆ ಸಿಕ್ಕಿಸಿ, ಎಡಗಾಲಿನದನ್ನು ತರಲು ಆಚೆ ತಿರುಗಿದ. ಅಷ್ಟರಲ್ಲಿ ಬಲಗಾಲು ತನ್ನಷ್ಟಕ್ಕೆ ಹೊರಟಿತು. ಎಡಗಾಲು ಇದ್ದಲ್ಲೇ ಇತ್ತು. ಯಾರ ಜೊತೆ ಹೋಗಲಿ ಎಂದು ನಾನು ತೀರ್ಮಾನಿಸುವ ಮೊದಲೇ ಕೂತುಬಿಟ್ಟಿದ್ದೆ. ಮೊಣಕಾಲಿನೊಳಗೆ ಏನೋ ‘ಟಕ್’ ಎಂದಿತು. ಅದು ಇಳಿಜಾರು ಕೂಡ ಅಲ್ಲ, ಚಹಾ ಅಂಗಡಿಯ ಮುಂದಿನ ಸಪಾಟು ಜಾಗ. ಚಹಾದವನೇ ಬಂದು ನನ್ನನ್ನು ಎತ್ತಿ ಕೂರಿಸಿದ.

ಮುಂಬಯಿಗೆ ಬಂದ ಮೇಲೆ ಬಿಲ್ಡಿಂಗಿನ ಗಂಡಸರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಮೇಲಕ್ಕೆ ಹೊತ್ತರು. ಮೊಣಕಾಲಿನ ಒಳಗಿನ ನಾರು ಹರಿದಿದೆ, ಆಪರೇಷನ್ ಬೇಡ, ಪಟ್ಟಿ ಬಿಗಿದು ಸುಮ್ಮನಿರಬೇಕು ಎಂದು ಡಾಕ್ಟರ್ ಹೇಳಿದ್ದರು. ಟೀಚರ್ ಮೇಲಿನ ಮೆಟ್ಟಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಜಾರ್ಲಿಕ್ಕೇ ಬೇಕಿದ್ರೆ ನಮ್ಮ ಬಾತ್‌ರೂಮ್ ಇರ್ಲಿಲ್ವಾ ಮಾರಾಯ್ತಿ? ಅದಕ್ಕೆ ವಿಮಾನ ಹತ್ತಿ ಹೋಗ್ಬೇಕಾ?” ಎಂದರು.

ಬೈದು ಮುಗಿಸಿದ ಮೇಲೆ ಎಣ್ಣೆ ಕಾಯಿಸಿ ತಂದರು. ಪಟ್ಟಿಯ ಮೇಲೆ ಕೆಳಗೆ, ಕೈಗೆ ಸಿಕ್ಕಿದಲ್ಲೆಲ್ಲ ತಿಕ್ಕಿದರು. ಡಾಕ್ಟರು ತಿಕ್ಕಬಾರದು ಎಂದಿದ್ದಾರೆ ಎಂದು ನಾನು ಹೇಳಿದೆ. ಡಾಕ್ಟರಿಗೆ ಎಷ್ಟು ವಯಸ್ಸು ಎಂದು ಕೇಳಿದರು. ಮೂವತ್ತೈದಿರಬಹುದು ಎಂದೆ. ಅಷ್ಟಕ್ಕೆ ಆ ವಿಚಾರ ಮುಗಿಯಿತು.

ಮಾರನೆಯ ದಿನದಿಂದ ನೋಡಲು ಬರುವವರು ಶುರುವಾದರು. ಮೊದಲು ಬಂದ ಎರಡನೇ ಮಾಳಿಗೆಯ ಹೆಂಗಸು ನನ್ನ ಕೈ ಹಿಡಿದುಕೊಂಡು, ಗರ್ದಿಯಲ್ಲಿ ಯಾರು ದೂಡಿದ್ದು ಎಂದು ಕೇಳಿದಳು. ನನಗೆ ಏನೂ ಅರ್ಥವಾಗಲಿಲ್ಲ. ಅವಳು ಹೋದ ಮೇಲೆ ಟೀಚರ್ ತಣ್ಣಗೆ ಹೇಳಿದರು:

“ನೀನು ಲೋಕಲ್ ಟ್ರೈನಿನಿಂದ ಬಿದ್ದದ್ದು ಅಂತ ಹೇಳಿದ್ದೇನೆ. ಅಂಧೇರಿಯಲ್ಲಿ. ಹಾಗೇ ಇರ್ಲಿ, ಬದಲಾಯಿಸ್ಬೇಡ.”

“ಯಾಕೆ ಟೀಚರೇ?”

“ಐಸಲ್ಲಿ ಕೂತು ಕಾಲು ಮುರ್ಕೊಂಡ್ಳು ಅಂತ ಹೇಳ್ಲಿಕ್ಕಾಗ್ತದಾ? ಗಾಯಕ್ಕೂ ಒಂದು ಮರ್ಯಾದೆ ಬೇಡ್ವಾ?”

ಅವರು ಹೇಳಿದ್ದರಲ್ಲಿ ಹುರುಳಿತ್ತು. ಸ್ಕೀಯಿಂಗ್ ಎಂದಿದ್ದರೆ ನಗುತ್ತಿದ್ದವರೆಲ್ಲ ಲೋಕಲ್ ಎಂದ ಕೂಡಲೇ ನನ್ನನ್ನು ಯುದ್ಧದಿಂದ ಬಂದವಳಂತೆ ನೋಡಿದರು. ಒಬ್ಬೊಬ್ಬರೂ ತಮ್ಮ ತಮ್ಮ ಲೋಕಲ್ ಗಾಯಗಳನ್ನು ತೆಗೆದು ತೋರಿಸಿದರು. ಕೆಳಗಿನ ಮನೆಯ ಮುದುಕರು ತಮ್ಮ ಹಣೆಯ ಹಳೆಯ ಹೊಲಿಗೆ ಮುಟ್ಟಿ ನೋಡು ಎಂದು ಹಟ ಹಿಡಿದರು. ಮುಟ್ಟಿದೆ. ಬಂದವರಿಗೆಲ್ಲ ಟೀಚರೇ ಕಾಫಿ ಮಾಡಿಕೊಟ್ಟರು, ನನ್ನ ಡಬ್ಬಿಯ ಪುಡಿಯಲ್ಲಿ.

ವಾರಗಳು ಕಳೆದವು. ಪಟ್ಟಿ ಸಡಿಲವಾಯಿತು, ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ಮನೆಗೆ ಬಂದು ನಡೆಸಿದಳು. ಇನ್ನು ಹೊರಗೆ ಹೋಗಬಹುದು ಎಂದು ಡಾಕ್ಟರ್ ಅಪ್ಪಣೆ ಕೊಟ್ಟರು. ಕಾಲು ತಯಾರಾಗಿತ್ತು, ನಾನು ಆಗಿರಲಿಲ್ಲ. ಮೆಟ್ಟಿಲ ತುದಿಗೆ ಬಂದು ಕೆಳಗೆ ನೋಡಿ ಗೋಡೆ ಹಿಡಿದುಕೊಳ್ಳುತ್ತಿದ್ದೆ. ಸಪಾಟು ಜಾಗದಲ್ಲೇ ಬಿದ್ದವಳು, ಮೆಟ್ಟಿಲಲ್ಲಿ ಬೀಳದಿರುತ್ತೇನೆಯೇ... ಹಿಂದಕ್ಕೆ ಬಂದು ಸೋಫಾದಲ್ಲಿ ಕೂರುತ್ತಿದ್ದೆ.

ಕಾಂದಿವಲಿಯಲ್ಲಿರುವ ನನ್ನ ತಂಗಿಗೆ ಇದು ಗೊತ್ತಾಯಿತು. “ಅಕ್ಕಾ, ನೀನು ಇನ್ನು ಒಬ್ಳೇ ಇರೋದು ಸಾಕು. ಇಲ್ಲಿಗೇ ಬಾ. ಹಾಲ್‌ನಲ್ಲಿ ಸೋಫಾ ಕಮ್ ಬೆಡ್ ಇದೆ” ಎಂದಳು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಹಾಲ್ ನನಗೆ ಗೊತ್ತು. ಬೆಳಗ್ಗೆ ಅವಳ ಅತ್ತೆಯ ಭಜನೆ, ಸಂಜೆ ಸೀರಿಯಲ್ಲು, ಅವೆರಡು ಮುಗಿದ ಮೇಲೆ ನನ್ನ ಹಾಸಿಗೆ. ದುಡಿದು ಕೊಂಡ ನನ್ನ ಪುಟ್ಟ ಮನೆಗೆ ಬೀಗ ಹಾಕಿದರೆ ಮತ್ತೆ ಅದನ್ನು ತೆರೆಯುವುದು ಆಗದ ಮಾತು ಎಂದು ನನಗೆ ಒಳಗೇ ಗೊತ್ತಿತ್ತು. ವಾದ ಮಾಡಿ ಮಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಗುಡಿ ಪಾಡ್ವಾದ, ಅಂದರೆ ನಮ್ಮ ಯುಗಾದಿಯ ದಿನ ನಾನು ಲೋಕಲ್ ಹತ್ತಿ ಅವಳ ಮನೆಗೆ ಊಟಕ್ಕೆ ಹೋಗಬೇಕು. ಹೋದರೆ ಅವಳು ಸುಮ್ಮನಿರುತ್ತಾಳೆ. ಇಲ್ಲದಿದ್ದರೆ ಮರುದಿನ ನನ್ನ ಸಾಮಾನು ಸಾಗಿಸಲು ಟೆಂಪೋ ಬರುತ್ತದೆ.

ಈ ಒಪ್ಪಂದ ಕೇಳಿದ ಟೀಚರ್ ಅವತ್ತೇ ತರಬೇತಿ ಶುರು ಮಾಡಿದರು. ಇಳಿಯುವಾಗ ಪೆಟ್ಟಾದ ಕಾಲು ಮೊದಲು, ಹತ್ತುವಾಗ ಗಟ್ಟಿ ಕಾಲು ಮೊದಲು ಎಂದು ಫಿಸಿಯೋ ಕಲಿಸಿದ್ದಳು. ಪೆಟ್ಟಾದದ್ದು ಬಲಗಾಲು. ಇಳಿಯುವುದಕ್ಕೆ ಟೀಚರದ್ದೇನೂ ತಕರಾರಿಲ್ಲ, ಬಲಗಾಲಿಟ್ಟು ಹೊರಡುವುದು ಶುಭವೇ. ಹತ್ತುವುದು ಮಾತ್ರ ರಗಳೆಯಾಯಿತು. “ಮನೆಗೆ ಎಡಗಾಲಿಟ್ಟು ಬರುದಾ? ಅವಳಿಗೆ ಹೇಳುವವ್ರು ಕೇಳುವವ್ರು ಇಲ್ವಾ?” ಎಂದು ಫಿಸಿಯೋ ಹುಡುಗಿಯ ಮೇಲೆ ರೇಗಿದರು. ಕೊನೆಗೆ, ಮೆಟ್ಟಿಲು ಹತ್ತಲು ಎಡಗಾಲು, ಹೊಸ್ತಿಲು ದಾಟಲು ಬಲಗಾಲು ಎಂದು ರಾಜಿಯಾಯಿತು. ಹೊಸ್ತಿಲ ಮುಂದೆ ನಿಂತು ಕಾಲು ಬದಲಾಯಿಸುವಾಗಲೇ ನಾನು ಎಷ್ಟೋ ಸಲ ಬೀಳುವವಳಿದ್ದೆ. ಬೀಳಲಿಲ್ಲ, ಅವರು ತೋಳು ಹಿಡಿದಿರುತ್ತಿದ್ದರು. ದಿನದ ಕೊನೆಗೆ ಮಾರ್ಕು. ಹೆಚ್ಚಿನ ದಿನ ಜಸ್ಟ್ ಪಾಸ್.

ಪಾಡ್ವಾ ಬಂತು. ಸ್ಟೇಷನ್ ತನಕ ಮಾತ್ರ ಬರುತ್ತೇನೆ ಎಂದು ಹೊರಟ ಟೀಚರ್ ರಿಕ್ಷಾದಿಂದ ಇಳಿದು ಪ್ಲಾಟ್‌ಫಾರ್ಮಿಗೆ ಬಂದರು. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಬೋರಿವಲಿ ಸ್ಲೋ ಗಾಡಿ ಬಂತು. ನಾನು ಕಂಬ ಹಿಡಿದು ಹೆಂಗಸರ ಡಬ್ಬಿಯೊಳಗೆ ಕಾಲಿಟ್ಟೆ. ತಿರುಗಿ ನೋಡಿದರೆ ಅವರೂ ಒಳಗಿದ್ದರು. ಹಬ್ಬದ ಸೀರೆಗಳಿಂದ ಡಬ್ಬಿ ತುಂಬಿತ್ತು. ಟೀಚರ್ ಒಮ್ಮೆ ಕೆಮ್ಮಿ, ತರಗತಿಯ ಹಿಂದಿನ ಬೆಂಚಿಗೂ ಕೇಳಿಸುವ ದನಿಯಲ್ಲಿ, “ಯೇ ಲೋಕಲ್ ಸೇ ಗಿರ್ ಗಯಾ ಥಾ! ಜಗಾ ದೇವ್!” ಎಂದರು. ಲೋಕಲ್‌ನಿಂದ ಬಿದ್ದವಳು, ಜಾಗ ಕೊಡಿ ಎಂದು ಅವರ ಹರಕು ಹಿಂದಿ.

ಅಷ್ಟೇ ಸಾಕಾಯಿತು. ಕಿಟಕಿಯ ಪಕ್ಕದವಳು ಎದ್ದು ನನ್ನನ್ನು ಕೂರಿಸಿದಳು. ಇನ್ನೊಬ್ಬಳು ಟೀಚರಿಗೂ ಜಾಗ ಮಾಡಿದಳು. ಯಾವ ಗಾಡಿ, ಯಾವ ಬಾಗಿಲು, ಯಾರು ದೂಡಿದ್ದು... ಪ್ರಶ್ನೆಗಳು ಮಳೆಯಂತೆ ಸುರಿದವು. ನಾನು ಬಾಯಿ ತೆರೆಯುವ ಮೊದಲೇ ಟೀಚರ್ ಉತ್ತರಿಸಿದರು. ಗೋರೆಗಾಂವ್ ದಾಟುವಷ್ಟರಲ್ಲಿ ಅವರ ಕಥೆಯಲ್ಲಿ ನಾನು ಒಂದೇ ಕೈಯಲ್ಲಿ ಕಂಬಕ್ಕೆ ಜೋತಾಡಿದ್ದೆ, ಮಲಾಡ್ ಬರುವಾಗ ಮತ್ತೊಬ್ಬಳನ್ನು ಕಾಪಾಡಲು ಹೋಗಿ ಬಿದ್ದಿದ್ದೆ.

ಮಲಾಡ್ ಬಿಟ್ಟ ಕೂಡಲೇ ನಾನು ಎದ್ದೆ, ಮುಂದಿನದೇ ಕಾಂದಿವಲಿ. ಲೋಕಲ್‌ನಲ್ಲಿ ಇಳಿಯುವವರು ಒಂದು ಸ್ಟೇಷನ್ ಮೊದಲೇ ಬಾಗಿಲಿಗೆ ಹೋಗಿ ನಿಲ್ಲಬೇಕೆಂದು ಇಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ನನ್ನನ್ನು ಬಾಗಿಲ ಹತ್ತಿರ ಬಿಡಲು ಡಬ್ಬಿಗೆ ಡಬ್ಬಿಯೇ ಒಪ್ಪಲಿಲ್ಲ. “ಬೈಠೋ ಬೈಠೋ! ಗಾಡಿ ರುಕ್‌ನೇ ದೋ!” ಎಂದು, ಗಾಡಿ ನಿಲ್ಲುವ ತನಕ ಏಳಬೇಡವೆಂದು, ನಾಲ್ಕೂ ಕಡೆಯಿಂದ ಕೈಗಳು ನನ್ನನ್ನು ಅದುಮಿ ಕೂರಿಸಿದವು. ಒಮ್ಮೆ ಬಿದ್ದವಳು ಮತ್ತೆ ಬಾಗಿಲಿಗೆ ಹೋಗುವುದೇ? ಗಾಡಿ ಕಾಂದಿವಲಿಯಲ್ಲಿ ನಿಂತಿತು. ನಾನು ಎದ್ದೆ. ಅಷ್ಟರಲ್ಲಿ ಹತ್ತುವವರು ಒಳಗೆ ನುಗ್ಗಿದರು. ಪ್ಲಾಟ್‌ಫಾರ್ಮಿನಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಿದ್ದ ನನ್ನ ತಂಗಿ ಕಿಟಕಿಯಲ್ಲಿ ನನ್ನ ಮುಖ ಕಂಡು ನಕ್ಕಳು. ನಾನೂ ಕೈ ಬೀಸಿದೆ. ಗಾಡಿ ಹೊರಟಿತು. ಅವಳ ನಗು ನಿಂತುಹೋದದ್ದನ್ನು ನಾನು ಕಿಟಕಿಯಿಂದಲೇ ನೋಡಿದೆ.

ಬೋರಿವಲಿಯಲ್ಲಿ ಎಲ್ಲರೂ ಸೇರಿ ನನ್ನನ್ನು ದೇವರ ಮೂರ್ತಿಯಂತೆ ಜೋಪಾನವಾಗಿ ಇಳಿಸಿದರು. ಹಿಂದಿರುಗುವ ಗಾಡಿಗೆ ಸೇತುವೆ ಹತ್ತಿ ಆಚೆಗೆ ಹೋಗಬೇಕು. ಎಸ್ಕಲೇಟರ್ ಕೆಟ್ಟು ನಿಂತಿತ್ತು. ಮೆಟ್ಟಿಲ ಬುಡದಲ್ಲಿ ನನಗೆ ನಾಳೆಯ ಟೆಂಪೋ ಸದ್ದು ಕೇಳಿಸತೊಡಗಿತು. ಎಡಗಾಲು ಮೇಲಿಟ್ಟೆ, ಬಲಗಾಲು ಎಳೆದುಕೊಂಡೆ. ಇನ್ನೊಂದು, ಮತ್ತೊಂದು. ಅರ್ಧ ಹತ್ತಿ ಪಕ್ಕಕ್ಕೆ ನೋಡಿದರೆ ಟೀಚರ್ ಇಲ್ಲ. ಅವರು ಕೆಳಗೆ ಕಂಬಿ ಹಿಡಿದು ಏದುಸಿರು ಬಿಡುತ್ತ ನಿಂತಿದ್ದರು. ಮುಖ ಬಿಳಿಚಿತ್ತು.

ನಾನು ಇಳಿದು ಹೋದೆ. ಹೇಗೆ ಇಳಿದೆ, ಯಾವ ಕಾಲು ಮೊದಲಿಟ್ಟೆ, ಒಂದೂ ನೆನಪಿಲ್ಲ.

“ಯಾವ ಕಾಲು ನೋವು ಟೀಚರೇ?”

“ಎರಡೂ.”

“ಹಾಗಾದ್ರೆ ಯಾವ್ದು ಮೊದ್ಲು ಇಡ್ತೀರಿ?”

“ಅದು ಸಿಲೆಬಸ್ಸಲ್ಲಿ ಇರ್ಲಿಲ್ಲ” ಎಂದರು. ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ಅವರಿಗೆ ಕೆಮ್ಮು ಹತ್ತಿತು. ವರ್ಷದಿಂದೀಚೆ ಬಿಲ್ಡಿಂಗಿನ ಗೇಟು ದಾಟಲು ತಮಗೂ ಧೈರ್ಯವಿರಲಿಲ್ಲ ಎಂದು ಆಗ ಹೇಳಿದರು. ಅಂಗಡಿಯವನು ಸಾಮಾನು ಮೇಲಕ್ಕೇ ತರುತ್ತಿದ್ದನಂತೆ. ಎದುರು ಮನೆಯಲ್ಲಿದ್ದೂ ನಾನು ಗಮನಿಸಿರಲಿಲ್ಲ.

“ಮತ್ತೆ ಇವತ್ತು ಯಾಕೆ ಬಂದ್ರಿ?”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ನೀನು ಕಾಂದಿವಲಿಗೆ ಹೋದ್ರೆ ನಾನು ಬಾಗಿಲು ತೆಗ್ದು ಯಾರ ಮುಖ ನೋಡುದು? ಒಬ್ಳೇ ಇರ್ಲಿಕ್ಕೆ ನನಗೆ ಹೆದ್ರಿಕೆ ಆಗ್ತದೆ ಮಾರಾಯ್ತಿ” ಎಂದರು. ಅಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ ಹೆದರಿಕೆ ಎಂಬ ಮಾತು ನಾನು ಕೇಳಿದ್ದು ಅದೊಂದೇ ಸಲ. ಅವರ ಸೊಂಟಕ್ಕೆ ಕೈ ಹಾಕಿ ಹತ್ತಿಸಿದೆ. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತೆವು. ಹಿಂದಿನವರು ಬೈದರು, ನಾವೂ ಬೈದೆವು.

ಕಾಂದಿವಲಿಯಲ್ಲಿ ಈ ಸಲ ನಾನು ಮೊದಲೇ ಬಾಗಿಲಿಗೆ ಬಂದು ನಿಂತಿದ್ದೆ. ಫೋನಿನಲ್ಲಿ ವಿಷಯ ತಿಳಿದ ತಂಗಿ ಕೆಂಡವಾಗಿ ಈಚೆಯ ಪ್ಲಾಟ್‌ಫಾರ್ಮಿಗೆ ಬಂದಿದ್ದಳು. ನಾನು ಮೊದಲು ಇಳಿದು, ಟೀಚರನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿಕೊಂಡದ್ದನ್ನು ನೋಡಿದಳು.

“ಇದರಲ್ಲಿ ಪೇಷಂಟ್ ಯಾರಕ್ಕಾ?” ಎಂದಳು.

ಟೀಚರ್ ನನ್ನತ್ತ ಬೆರಳು ತೋರಿಸಿದರು. ತಂಗಿ ಅವತ್ತು ಟೆಂಪೋದ ಸುದ್ದಿ ಎತ್ತಲಿಲ್ಲ. ಟೀಚರ್ ಹೋಳಿಗೆ ಎರಡು ಸಲ ಹಾಕಿಸಿಕೊಂಡು, ಬೇಳೆ ಇನ್ನೂ ಸ್ವಲ್ಪ ನುಣ್ಣಗಾಗಬೇಕಿತ್ತು ಎಂದು ತಂಗಿಯ ಅತ್ತೆಗೇ ಹೇಳಿ ಬಂದರು.

ಅದಾದ ಮೇಲೆ ಭಾನುವಾರಗಳಂದು ಇಬ್ಬರೂ ಹೊರಗೆ ಹೋಗುತ್ತಿದ್ದೆವು. ಕೆಲವು ಸಲ ಪಾರ್ಲೆಯ ಮಾರ್ಕೆಟ್ಟಿಗೆ, ಕೆಲವು ಸಲ ಬರೀ ಗೇಟಿನ ತನಕ... ಟೀಚರ್ ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ನಿದ್ದೆಯಲ್ಲೇ ಹೋದರು. ಬೆಳಗ್ಗೆ ಬಾಗಿಲು ತೆರೆಯದಿದ್ದಾಗ ಗೊತ್ತಾಯಿತು. ಈಗ ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿದ್ದಾರೆ, ಒಳ್ಳೆಯವರೇ. ಆದರೆ ಬಾಗಿಲು ಹಾಕಿಕೊಂಡಿರುತ್ತಾರೆ.

ತಂಗಿ ಫೋನು ಮಾಡಿದಾಗಲೆಲ್ಲ ಮತ್ತೆ ಕರೆಯುತ್ತಾಳೆ. ಟೀಚರ್ ಇದ್ದಾಗ, ಅವರು ಒಬ್ಬರೇ ಆಗಿಬಿಡುತ್ತಾರೆ ಎಂದು ಹೇಳುತ್ತಿದ್ದೆ. ಮೊನ್ನೆ ಅವಳು, “ಅಕ್ಕಾ, ಒಬ್ಳೇ ಹೇಗಿದ್ದೀಯಾ?” ಎಂದು ಕೇಳಿದಳು. ಮೊಣಕಾಲು ಪೂರ್ತಿ ಸರಿಯಾಗಿದೆ ಎಂದೆ. ಅವಳು ಕೇಳಿದ್ದು ಮೊಣಕಾಲಿನ ವಿಷಯವಲ್ಲ.