ಪಲ್ಲವಿ ಬಲಗಾಲು ಮುಂದಿಟ್ಟ ದಿನ

೨೦೦೩ರ ಚಳಿಗಾಲ. ನಿಮ್ಮ ಅಜ್ಜ ಹೋಗಿ ವರ್ಷ ತುಂಬಿತ್ತು. ಮಗಳು ಸುಧಾ ನನ್ನನ್ನು ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ತನ್ನ ಮನೆಗೆ ಕರೆತಂದಿದ್ದಳು. ಮಕ್ಕಳೇ, ನೀವಿನ್ನೂ ಹುಟ್ಟಿರಲಿಲ್ಲ. ನಿಮ್ಮ ಪಲ್ಲವಿ ಅಕ್ಕನಿಗೆ ಆಗ ಹನ್ನೆರಡು ವರ್ಷ.

ಬೆಳಿಗ್ಗೆ ಸುಧಾ, ಅಳಿಯ, ಪಲ್ಲವಿ ಮೂವರೂ ಹೊರಟರೆ ಮನೆಯಲ್ಲಿ ಹೀಟರ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಫೋನ್ ಬಂದರೂ, ಇಂಗ್ಲಿಷಿನಲ್ಲಿ ಮಾತಾಡಿದರೆ ಏನು ಮಾಡಲಿ ಎಂದು ನಾನು ಎತ್ತುತ್ತಿರಲಿಲ್ಲ. ಪಲ್ಲವಿ ಬರುವುದನ್ನೇ ಕಾಯುತ್ತಿದ್ದೆ. ಅವಳೋ ಬ್ಯಾಗ್ ಎಸೆದು, ಸ್ನೋಬೋರ್ಡ್ ಎತ್ತಿಕೊಂಡು ಹಿತ್ತಲ ದಿಬ್ಬಕ್ಕೆ ಓಡುವಳು. ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದುಕೊಂಡು, ಅಡ್ಡಲಾಗಿ ನಿಂತು ಹಿಮದ ಮೇಲೆ ಜಾರುವ ಆಟ ಅದು. ನಾನು ಸೀರೆಯ ಮೇಲೆ ಅಳಿಯನ ಜಾಕೆಟ್ ಹಾಕಿಕೊಂಡು ಹಿಂಬಾಗಿಲ ಬಳಿ ನಿಲ್ಲುತ್ತಿದ್ದೆ. ಅವಳು ಎಡಗಾಲು ಮುಂದಿಟ್ಟು ಇಳಿಯುವಾಗ ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು ಮಾತ್ರ.

ಒಂದು ದಿನ ತಡೆಯಲಾರದೆ, “ಪುಟ್ಟಿ, ಹೊರಡುವಾಗ ಎಡಗಾಲು ಯಾಕಮ್ಮ? ಬಲಗಾಲು ಮುಂದಿಡಬಾರದಾ?” ಎಂದೆ.

“ಅಜ್ಜಿ, ಇಟ್ಸ್ ನಾಟ್ ಎ ವೆಡ್ಡಿಂಗ್!” ಎಂದು ನಕ್ಕಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡುತ್ತಿದ್ದದ್ದು ಮಾತ್ರ ಇಂಗ್ಲಿಷ್.

ಆದರೆ ಮರುದಿನ ಹಾಗೇ ಮಾಡಿದಳು. ಅಭ್ಯಾಸವಿಲ್ಲದ ಕಾಲು; ಬಿದ್ದು ತುಟಿ ಒಡೆಯಿತು. ಸಂಜೆ ಸುಧಾ, “ಬಲಗಾಲು ಎಡಗಾಲು ಅಂತ ಅವಳ ತಲೆಗೆ ಯಾಕಮ್ಮ ತುಂಬ್ತೀಯ? ಹಲ್ಲು ಹೋಗಿದ್ರೆ?” ಎಂದಳು. ಇನ್ನು ಆ ಆಟದ ಹತ್ತಿರ ಸುಳಿಯಬಾರದೆಂದುಕೊಂಡೆ. ದಿನಕ್ಕೆ ಇದ್ದದ್ದೇ ಅಷ್ಟು ಜೊತೆ, ಅದೂ ಹೋಯಿತು ಅನ್ನಿಸಿತು.

ಮಾರನೆಯ ದಿನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದೆ. ಪಲ್ಲವಿ ಹೊರಗಿನಿಂದ ಗಾಜು ಬಡಿದಳು. “ಅಜ್ಜಿ, ಕಮ್! ಯು ಹ್ಯಾವ್ ಟು ಹೋಲ್ಡ್ ಮಿ!” ಕೈ ಚಾಚಿದ್ದರಿಂದ ಅರ್ಥವಾಯಿತು.

ಬಲಗಾಲು ಮುಂದಾದಾಗ ಅವಳ ಮುಖ ನನ್ನ ಕಡೆಗೆ ತಿರುಗಿತು. ಎರಡೂ ಕೈ ಹಿಡಿದು ಪಕ್ಕದಲ್ಲೇ ಇಳಿದೆ. “ಸ್ಲೋ ಅಜ್ಜಿ, ಸ್ಲೋ!” ಅನ್ನುತ್ತಿದ್ದಳು, ಎಳೆದುಕೊಂಡು ಹೋಗುತ್ತಿದ್ದವಳು ಅವಳೇ. ಹೆದರಿದ ಕಣ್ಣುಗಳನ್ನು ನನ್ನ ಮೇಲೇ ನೆಟ್ಟಿದ್ದಳು. ನಿಮ್ಮ ಅಜ್ಜ ಹೋದ ಮೇಲೆ ಯಾರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಅರ್ಧ ದಾರಿಯಲ್ಲಿ ಸೀರೆ ಕಾಲಿಗೆ ಸಿಕ್ಕಿತು. ಇಬ್ಬರೂ ಹಿಮದಲ್ಲಿ ಉರುಳಿದೆವು.

“ನೋವಾಯ್ತಾ ಅಜ್ಜಿ?” ಎಂದಳು. ಅವಳು ತಾನಾಗಿ ನನ್ನೊಡನೆ ಆಡಿದ ಮೊದಲ ಕನ್ನಡ ಮಾತು ಅದು.

ನೋವೇನೂ ಆಗಿರಲಿಲ್ಲ. ಆದರೂ “ಹೂಂ” ಎಂದೆ. ಅವಳು ಕೈಗವಸು ಕಿತ್ತೆಸೆದು ನನ್ನ ಮೊಣಕಾಲು ಉಜ್ಜತೊಡಗಿದಳು. ಇವತ್ತಿಗೂ ಮನೆ ಖಾಲಿ ಅನ್ನಿಸಿದಾಗ ನನ್ನ ಕೈ ತಾನಾಗಿ ಆ ಮೊಣಕಾಲಿನ ಮೇಲೆ ಹೋಗಿ ಕೂರುತ್ತದೆ.